ಭೂಮಂಡಲದ ಹನ್ನೊಂದು ತೂಬಿನವರು

ಸಾರಕ್ಕಿ, ಬೆಂಗಳೂರು
5 ಜನವರಿ 2025

ನಿವೃತ್ತ ಡ್ರಿಲ್ ಮೇಷ್ಟ್ರು ಶ್ರೀಮಾನ್ ಹೊಳೆಪ್ಪ ತೂಬಿನ ಅವರ ಸನ್ನಿಧಾನಕ್ಕೆ,
ಹೊಸಕಟ್ಟೆ, ಶಿರಾ ತಾಲ್ಲೂಕು.

ಅಖಿಲ ಭೂಮಂಡಲ ತೂಬಿನ ಮನೆತನ ಸಂಶೋಧನಾ ಮಹಾಮಂಡಳಿಯ ಅಧ್ಯಕ್ಷನಾದ ನಾನು, ಮಂಡಳಿಯ ಕಾರ್ಯದರ್ಶಿ, ವಕ್ತಾರ ಮತ್ತು ಜವಾನನ ಒಪ್ಪಿಗೆ ಪಡೆದು ಈ ಪತ್ರ ಬರೆಯುತ್ತಿದ್ದೇನೆ. ಆ ಮೂವರೂ ನಾನೇ ಆಗಿರುವುದರಿಂದ ಒಪ್ಪಿಗೆ ಬೇಗ ಸಿಕ್ಕಿತು. ಬಿಡುವಿನ ವೇಳೆಯಲ್ಲಿ ಜಯನಗರದ ಕಾಲೇಜೊಂದರಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ.

ತೂಬು ಎಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಕಲ್ಲಿನ ಕಿಂಡಿ ಎಂದು ತಮಗೆ ಹೇಳುವಷ್ಟು ಉದ್ಧಟ ನಾನಲ್ಲ. ಆದರೆ ಬೆಂಗಳೂರಿಗೆ ಹೇಳಬೇಕು. ಇಲ್ಲಿ ಹೆಸರು ಹೇಳಿದೊಡನೆ ‘ನೀವು ನಾರ್ತ್ ಇಂಡಿಯನ್ನಾ?’ ಅನ್ನುತ್ತಾರೆ. ಶಾಲೆಯಲ್ಲಿ ಹತ್ತು ವರ್ಷ ನಾನು ಟ್ಯೂಬ್‌ಲೈಟ್ ಆಗಿದ್ದೆ. ನನ್ನ ಅಕ್ಕ ನನಗಿಂತ ಮೊದಲೇ ಟ್ಯೂಬ್‌ಲೈಟ್ ಆಗಿದ್ದರಿಂದ ಆ ಪದವಿ ನನಗೆ ಪಿತ್ರಾರ್ಜಿತವಾಗಿಯೇ ಬಂತು.

ಮಂಡಳಿಯ ಜನಗಣತಿ ಹೀಗಿದೆ. ಸಾರಕ್ಕಿಯಲ್ಲಿ ಐವರು: ಅಜ್ಜಿ ಮುನಿವೆಂಕಟಮ್ಮ, ಅಪ್ಪ ವೆಂಕಟಾಚಲ, ಅಮ್ಮ ಲತಾಮಣಿ, ಅಕ್ಕ ಶೃತಿ, ನಾನು. ಬೇಗೂರಿನಲ್ಲಿ ಒಬ್ಬರು: ಚಿಕ್ಕಪ್ಪ, ವಯಸ್ಸು ಐವತ್ತಮೂರು, ಬ್ರಹ್ಮಚಾರಿ. ನಿಮ್ಮ ಕಡೆ ಐವರು: ತಾವು, ಮಗ, ಸೊಸೆ, ಒಂಬತ್ತನೇ ಕ್ಲಾಸಿನ ಮೊಮ್ಮಗಳು, ಬನಶಂಕರಿಯಲ್ಲಿ ಪಿಯು ಪಾಠ ಮಾಡುವ ಮೊಮ್ಮಗ ದೀಪಕ್. ಉಳಿದ ಭೂಮಂಡಲದಲ್ಲಿ ಸೊನ್ನೆ. ಹುಲಿಗಳೇ ನಮಗಿಂತ ಹೆಚ್ಚಿವೆ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಮದುವೆ ನಿಂತಿದೆ. ಹುಡುಗನೂ ತೂಬಿನ, ಹುಡುಗಿಯೂ ತೂಬಿನ. ಹುಡುಗಿಯ ತಂದೆ, ‘ಒಂದೇ ಮನೆತನ ಅಂದ್ಮೇಲೆ ದಾಯಾದಿಗಳು. ಅಣ್ಣ ತಂಗಿ ಆಗ್ತಾರೆ. ಮಾತೇ ಎತ್ಬೇಡಿ’ ಅಂದುಬಿಟ್ಟಿದ್ದಾರೆ. ವಧೂವರರ ಹೆಸರುಗಳನ್ನು ಮಂಡಳಿ ಅತ್ಯಂತ ಗೌಪ್ಯವಾಗಿ ಇಟ್ಟಿದೆ. ದಯವಿಟ್ಟು ಊಹಿಸಲು ಪ್ರಯತ್ನಿಸಬಾರದು.

ತಮ್ಮ ತೂಬಿನ ಮೂಲ ಎಲ್ಲಿಯದು? ಅದು ಬೇರೆ ಯಾವುದಾದರೂ ಕೆರೆಯದಾಗಿರಬಹುದು ಎಂಬುದು ಮಂಡಳಿಯ ಅನುಮಾನ, ಅಲ್ಲ, ಹಾರೈಕೆ. ತಾವು ಫೋನಿಗಿಂತ ಕಾಗದವನ್ನೇ ನಂಬುತ್ತೀರೆಂದು ವಿಶ್ವಾಸಾರ್ಹ ಮೂಲಗಳಿಂದ ತಿಳಿದುಬಂದಿದೆ.

ಇತಿ ವಿಧೇಯ,
ಲಿಖಿತ್ ತೂಬಿನ
(ಅಧ್ಯಕ್ಷ, ಇತ್ಯಾದಿ)


ಹೊಸಕಟ್ಟೆ
17 ಜನವರಿ 2025

ಅಧ್ಯಕ್ಷ ಮಹಾಶಯರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ನಗು ಬಂತು. ಎರಡನೆಯ ಸಲ ಬರಲಿಲ್ಲ.

ಹನ್ನೊಂದು ಜನರಲ್ಲಿ ಯಾರು ಯಾರೆಂದು ಊಹಿಸಬೇಡಿ ಅಂದಿದ್ದೀರಿ, ಊಹಿಸಲಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ.

ಮೂಲ ಕೇಳಿದ್ದೀರಿ, ಹೇಳುತ್ತೇನೆ. ನಮ್ಮದು ಸಾರಕ್ಕಿ ಕೆರೆಯ ತೂಬು. ಬೇರೆ ಯಾವ ಕೆರೆಯದೂ ಅಲ್ಲ. ಕೆರೆ ತುಂಬಿದಾಗ ತೂಬಿನ ಬಾಯಿ ಆಳದಲ್ಲಿ ಮುಳುಗಿರುತ್ತದೆ, ಅದರ ಮರದ ಬಿರಡೆಯನ್ನು ಒಬ್ಬ ಮುಳುಗಿ ಕಿತ್ತರೆ ಮಾತ್ರ ನೀರು ಹೊರಗೆ ಬರುವುದು. ಆ ಕೆಲಸ ಊರಿನಲ್ಲಿ ಒಬ್ಬನಿಗೇ ಬರುತ್ತಿತ್ತು. ಅವನ ಹೆಸರು ಹನುಮಯ್ಯ. ಒಂದು ವೀಳ್ಯದೆಲೆ ಅಗಿದು ಮುಗಿಸುವಷ್ಟು ಹೊತ್ತು ಉಸಿರು ಹಿಡಿಯುತ್ತಿದ್ದನಂತೆ. ಆ ಹನುಮಯ್ಯನ ವಂಶ ನಾವು. ಇಲ್ಲಿ ಹೊಸಕಟ್ಟೆಯಲ್ಲಿ ನಮ್ಮ ಮನೆಯನ್ನು ಇವತ್ತಿಗೂ ‘ನೀರಿಗಿಳಿದವರ ಮನೆ’ ಅನ್ನುತ್ತಾರೆ. ಅರಳಿಕಟ್ಟೆಯಲ್ಲಿ ನಾನು ಹೋದರೆ ಎಂಥವನಾದರೂ ಎದ್ದು ಜಾಗ ಬಿಡುತ್ತಾನೆ. ಅದು ನನಗೆ ಬಿಡುವ ಜಾಗವಲ್ಲ, ಹನುಮಯ್ಯನಿಗೆ.

ಆದ್ದರಿಂದ ನಾವೂ ನೀವೂ ಒಂದೇ ರಕ್ತ. ಹುಡುಗಿಯ ತಂದೆ ಹೇಳಿದ್ದು ಸರಿ. ಆ ಇಬ್ಬರೂ ಅಣ್ಣ ತಂಗಿ. ಅವರಿಗೆ ಬುದ್ಧಿ ಹೇಳಿ.

ಹೊಳೆಪ್ಪ ತೂಬಿನ


ಸಾರಕ್ಕಿ
23 ಜನವರಿ 2025

ಪರಮಪೂಜ್ಯ ಮೇಷ್ಟ್ರಿಗೆ,

ತಮ್ಮ ಉತ್ತರವನ್ನು ಮಂಡಳಿಯ ತುರ್ತು ಸಭೆಯಲ್ಲಿ ಎದ್ದು ನಿಂತು ಓದಲಾಯಿತು. ಹನುಮಯ್ಯನವರ ಉಸಿರಿನ ವಿಚಾರ ಬಂದಾಗ ಸಭಿಕರು ಪರೀಕ್ಷಾರ್ಥವಾಗಿ ಬಕೆಟ್ಟಿನಲ್ಲಿ ಮುಖ ಮುಳುಗಿಸಿದರು. ಹದಿನೆಂಟು ಸೆಕೆಂಡಿಗೆ ಸಭೆ ಕೆಮ್ಮತೊಡಗಿತು.

ಹನುಮಯ್ಯ ನಮ್ಮ ಮನೆಯವರೇ. ಫೋಟೋ ಇಲ್ಲ, ಹೆಸರಿದೆ. ಆದರೆ ಅವರಿಗೆ ಇದ್ದದ್ದು ಒಬ್ಬನೇ ಮಗ, ಆ ಒಬ್ಬ ಮಗನಿಗೂ ಒಬ್ಬನೇ ಮಗ, ಅವರೇ ನನ್ನ ತಾತ ಎಂದು ಅಪ್ಪ ಬೆರಳು ಮಡಚಿ ಎಣಿಸುತ್ತಾರೆ. ಹಾಗಿದ್ದರೆ ಶಿರಾಕ್ಕೆ ಹೋದವರು ಯಾರು? ‘ಇನ್ನೊಬ್ಬ ಮಗ ಇದ್ದಿರ್ಬೇಕು ಬಿಡೋ. ಹೆಸರು ಒಂದೇ ಅಂದ್ಮೇಲೆ ಮುಗೀತಲ್ಲ’ ಎಂದು ಅಪ್ಪ ಅದನ್ನೂ ಮಡಚಿಬಿಟ್ಟರು.

ಮಂಡಳಿಗೆ ಸಮಾಧಾನವಾಗಲಿಲ್ಲ. ದೀರ್ಘ ಚರ್ಚೆಯ ನಂತರ ಶಿರಾ ಸೀಮೆಯ ತೂಬಿನವರು ಬೇರೊಂದು ಕೆರೆಗೆ ಸೇರಿದವರೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಯಾವ ಕೆರೆ ಎಂಬುದನ್ನು ತಮ್ಮ ಆಯ್ಕೆಗೇ ಬಿಟ್ಟಿದ್ದೇವೆ. ನಮೂನೆ 7-ಬಿ ಲಗತ್ತಿಸಿದೆ. ‘ನನಗೂ ಸಾರಕ್ಕಿಯ ಹನುಮಯ್ಯನಿಗೂ ಯಾವ ಸಂಬಂಧವೂ ಇಲ್ಲ’ ಎಂಬಲ್ಲಿ ಒಂದು ಸಹಿ ಹಾಕಿದರೆ ಸಾಕು. ಉತ್ತರದ ಕವರಿಗೆ ಅಂಚೆಚೀಟಿಯನ್ನೂ ನಾನೇ ಅಂಟಿಸಿದ್ದೇನೆ.

ವಿಧೇಯ,
ಲಿಖಿತ್


ಹೊಸಕಟ್ಟೆ
1 ಫೆಬ್ರವರಿ 2025

ನಿಮ್ಮ ನಮೂನೆಯನ್ನು ಹರಿದು ಒಲೆಗೆ ಹಾಕಿದೆ. ಅಂಚೆಚೀಟಿ ವ್ಯರ್ಥವಾಗಬಾರದೆಂದು ಅದೇ ಕವರಿನಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನೂರಿಪ್ಪತ್ತೈದು ವರ್ಷದ ಹೆಸರು ನಿಮಗೆ ಆಟದ ಸಾಮಾನಾಗಿದೆ. ಇನ್ನು ಬರೆಯಬೇಡಿ.

ಹೊಳೆಪ್ಪ


ಸಾರಕ್ಕಿ
16 ಮಾರ್ಚ್ 2025

ಮೇಷ್ಟ್ರೇ,

ಬರೆಯಬೇಡಿ ಅಂದಿದ್ದಿರಿ. ಒಂದೂವರೆ ತಿಂಗಳು ಬರೆಯಲಿಲ್ಲ. ಈಗ ಮಂಡಳಿ ಇಲ್ಲ, ಅಧ್ಯಕ್ಷನಿಲ್ಲ. ನಾನು ಲಿಖಿತ್, ಅಷ್ಟೇ. ನಮೂನೆ ಕಳಿಸಿದ್ದು ತಪ್ಪು. ಕ್ಷಮಿಸಿ.

ಹುಡುಗಿ ನನ್ನ ಅಕ್ಕ ಶೃತಿ. ಹುಡುಗ ನಿಮ್ಮ ದೀಪಕ್. ಎರಡು ವರ್ಷದ ಹಿಂದೆ ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದಾಗ ಕೌಂಟರಿನವಳು ‘ತೂಬಿನ ಯಾರ್ರೀ?’ ಅಂತ ಕೂಗಿದಳಂತೆ. ಹೊಟ್ಟೆಗಿಲ್ಲದೆ ಬಂದಿದ್ದ ಇಬ್ಬರು ಒಟ್ಟಿಗೆ ಎದ್ದು ನಿಂತರು. ಅಕ್ಕ ‘ಈ ಹೆಸರು ನಮ್ದು ಸಾರ್’ ಅಂದಳಂತೆ. ದೀಪಕ್ ಅಣ್ಣ ‘ನಮ್ದೂ ಕೂಡ ಮೇಡಂ, ಬೇಕಾದ್ರೆ ಆಧಾರ್ ನೋಡಿ’ ಅಂದರಂತೆ. ಜೀವನದಲ್ಲಿ ಮೊದಲ ಸಲ ಆ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಅಪ್ಪ ಕೆಟ್ಟವರಲ್ಲ. ಹುಡುಗನ ಬಗ್ಗೆ ಒಂದು ಮಾತು ಆಡಿಲ್ಲ. ಹೆಸರೊಂದೇ ಅಡ್ಡ. ‘ದಾಯಾದಿ ಮನೇಗೆ ಮಗಳನ್ನ ಕೊಟ್ಟ ಅಂತ ಸಾರಕ್ಕಿ ಮಾರ್ಕೆಟ್ಟಲ್ಲಿ ತಲೆ ಎತ್ತಿ ಓಡಾಡ್ಲಾ ನಾನು?’ ಅನ್ನುತ್ತಾರೆ. ನಾನು ಅಕ್ಕನಿಗೆ, ‘ರಿಜಿಸ್ಟರ್ ಆಫೀಸ್ ಇದೆ ಕಣೆ, ಸಾಕ್ಷಿಗೆ ನಾನಿದೀನಿ’ ಅಂದೆ. ಅವಳು ಉಗಿದಳು. ‘ಓಡಿ ಹೋಗೋದಾದ್ರೆ ಯಾವತ್ತೋ ಹೋಗ್ತಿದ್ದೆ. ಅಪ್ಪ ಕೈಯಾರೆ ಧಾರೆ ಎರೀಬೇಕು. ಇಲ್ಲಾ ಅಂದ್ರೆ ಬೇಡ.’

ಅದಾದ ಮೇಲೆ ಅವಳು ಜಗಳ ಆಡುವುದನ್ನೂ ನಿಲ್ಲಿಸಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ‘ಹೂಂ’ ಅನ್ನುತ್ತಾಳೆ. ನನಗೆ ಅವಳ ಬೈಗುಳ ಕೇಳಿ ಅಭ್ಯಾಸ, ಈ ಹೂಂ ತಡೆಯುವುದಕ್ಕೆ ಆಗುತ್ತಿಲ್ಲ. ಏಪ್ರಿಲ್ ಆರನೇ ತಾರೀಖು, ಯುಗಾದಿ ಕಳೆದ ಭಾನುವಾರ, ಬೇರೆ ಹುಡುಗನ ಕಡೆಯವರು ನೋಡಲು ಬರುತ್ತಿದ್ದಾರೆ. ಅದಕ್ಕೂ ಅವಳು ಹೂಂ ಅಂದಿದ್ದಾಳೆ.

ನಿಮ್ಮ ಹೆಸರನ್ನು ನಿಮ್ಮಿಂದ ಕಿತ್ತುಕೊಳ್ಳಲು ಬರೆಯುತ್ತಿಲ್ಲ. ನೀವು ಹನುಮಯ್ಯನ ವಂಶವೇ ಆಗಿದ್ದರೆ ಆಯಿತು, ನನ್ನ ಅಕ್ಕನಿಗೆ ನಾನೇ ಹೇಳುತ್ತೇನೆ. ಆದರೆ ಅಪ್ಪ ಮಡಚಿದ ಬೆರಳುಗಳ ಲೆಕ್ಕ ನನಗೆ ಸಿಗುತ್ತಿಲ್ಲ. ಇನ್ನೊಬ್ಬ ಮಗ ಇದ್ದನೇ? ಇದ್ದದ್ದು ಇದ್ದಹಾಗೆ ಹೇಳಿ. ದೀಪಕ್ ಅಣ್ಣನಿಗೆ ನಾನು ನಿಮಗೆ ಬರೆಯುವುದು ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ.

ಲಿಖಿತ್


ಹೊಸಕಟ್ಟೆ
22 ಮಾರ್ಚ್ 2025

ಚಿರಂಜೀವಿ ಲಿಖಿತನಿಗೆ ಆಶೀರ್ವಾದಗಳು.

ನಿನ್ನ ಮೊದಲನೆಯ ಪತ್ರದ ದಿನವೇ ನನಗೆ ಎಲ್ಲ ಗೊತ್ತಿತ್ತು. ಹನ್ನೊಂದು ಜನರಲ್ಲಿ ಮದುವೆಗಿರುವ ಹುಡುಗಿ ಒಬ್ಬಳು. ಹುಡುಗರಲ್ಲಿ ಒಬ್ಬ ಅವಳ ತಮ್ಮ, ಒಬ್ಬ ಅವಳ ಚಿಕ್ಕಪ್ಪ. ಉಳಿದವನು ಯಾರೆಂದು ತಿಳಿಯಲು ಡ್ರಿಲ್ ಮೇಷ್ಟ್ರ ಬುದ್ಧಿ ಸಾಕು. ದೀಪಕ ನನ್ನೊಡನೆ ಬಾಯಿ ಬಿಟ್ಟಿರಲಿಲ್ಲ. ಗೊತ್ತಿದ್ದೇ ನಾನು ‘ಅಣ್ಣ ತಂಗಿ’ ಎಂದು ಬರೆದೆ. ಆ ಪತ್ರವನ್ನು ಅಂಚೆಗೆ ಹಾಕಿ ಬಂದ ಮೇಲೆ ಎರಡು ದಿನ ಅರಳಿಕಟ್ಟೆಗೆ ಹೋಗಲಿಲ್ಲ.

ಹನುಮಯ್ಯನಿಗೆ ಇನ್ನೊಬ್ಬ ಮಗ ಇರಲಿಲ್ಲ. ನಾವು ಹನುಮಯ್ಯನ ವಂಶವಲ್ಲ.

ನಮ್ಮ ತಾತ ನನಗೆ ಒಂದೇ ಸಲ ಹೇಳಿದ್ದು ಇದು. ತೂಬಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ಕೆರೆಗೆ ಕಟ್ಟಿದ ಏರಿಯ ಮೇಲೆ ನಿಂತು ಆ ಹಗ್ಗವನ್ನು ಯಾರೆಂದರೆ ಅವರು ಹಿಡಿಯುವಂತಿಲ್ಲ. ಅಣ್ಣತಮ್ಮಂದಿರಂತೂ ಹಿಡಿಯಲೇಬಾರದು, ಆಸ್ತಿಯ ಆಸೆಗೆ ಕೈ ಸಡಿಲವಾದೀತು ಎಂದು. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ನೀರಿನೊಳಗೆ ಇರುವುದು ತಂಗಿಯ ತಾಳಿ, ಅವನು ಬಿಡುವುದಿಲ್ಲ. ಇಳಿಯುವವನೂ ತೂಬಿನವನು, ಹಿಡಿಯುವವನೂ ತೂಬಿನವನು. ಹೆಸರು ರಕ್ತದಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು.

ಹನುಮಯ್ಯನ ಹಗ್ಗ ಹಿಡಿಯುತ್ತಿದ್ದವನು ಅವನ ಭಾವಮೈದ ಬೋರಣ್ಣ. ನಾವು ಬೋರಣ್ಣನ ಮಕ್ಕಳು. ಅವನು ನನ್ನ ತಾತನ ತಂದೆ.

ಒಂದು ವರ್ಷ ಮಳೆ ನಿಲ್ಲಲಿಲ್ಲ. ಏರಿ ಒಡೆಯುವ ಹಾಗಿತ್ತು, ಒಡೆದರೆ ಊರು ಉಳಿಯುತ್ತಿರಲಿಲ್ಲ. ಬಿರಡೆ ಕಚ್ಚಿಕೊಂಡಿತ್ತು. ಹನುಮಯ್ಯ ಎರಡು ಸಲ ಇಳಿದು ಮೇಲೆ ಬಂದ. ಮೂರನೆಯ ಸಲ ಹಗ್ಗ ಮಾತ್ರ ಬಂತು. ಬೋರಣ್ಣ ತಂಗಿಯ ಮುಖ ನೋಡಲಾರದೆ, ಯಾರಿಗೂ ಹೇಳದೆ, ಹೆಂಡತಿ ಮತ್ತು ಐದು ವರ್ಷದ ಮಗನನ್ನು ಕರೆದುಕೊಂಡು ನಡೆದು ನಡೆದು ಇಲ್ಲಿಗೆ ಬಂದ. ಇಲ್ಲಿಯವರು ಹೆಸರು ಕೇಳಿ, ‘ತೂಬಿಗೆ ಇಳಿಯೋರಾ?’ ಅಂದರು. ಅವನು ಇಲ್ಲ ಅನ್ನಲಿಲ್ಲ. ಆಮೇಲೆ ಯಾರೂ ಇಲ್ಲ ಅನ್ನಲಿಲ್ಲ. ನಾನಂತೂ ಎದೆಯುಬ್ಬಿಸಿಕೊಂಡು ಹೌದು ಅಂದೆ.

ನಗಬೇಡ, ನನಗೆ ಈಜು ಬರುವುದಿಲ್ಲ. ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸಿದ್ದೇನೆ, ಮೇಲೆ ನಿಂತು, ಅವರ ಸೊಂಟಕ್ಕೆ ಹಗ್ಗ ಕಟ್ಟಿ. ಒಂದು ಮಗುವನ್ನೂ ಕಳೆದುಕೊಂಡಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಂಗೈ ಉರಿಯುತ್ತಿತ್ತು.

ಈ ಕಾಗದವನ್ನು ನಿಮ್ಮ ತಂದೆಗೆ ತೋರಿಸು. ದಾಯಾದಿಗಳಲ್ಲ, ಹೆಣ್ಣು ಕೊಟ್ಟು ತರುವ ಮನೆ ನಮ್ಮದು. ಆದರೆ ಅವರ ಮುತ್ತಾತನನ್ನು ನೀರಿಗೆ ಬಿಟ್ಟುಕೊಟ್ಟ ಮನೆಯೂ ನಮ್ಮದೇ. ಆಮೇಲೆ ಅವರು ಬೇಡ ಅಂದರೆ ನನ್ನ ತಕರಾರಿಲ್ಲ.

ಹೊಳೆಪ್ಪ


ಸಾರಕ್ಕಿ
27 ಮಾರ್ಚ್ 2025

ತಾತ,

ನಿಮ್ಮ ಕಾಗದವನ್ನು ಅಪ್ಪನ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಂತುಕೊಂಡೆ, ಓಡಲು ಅನುಕೂಲವಾಗಲಿ ಎಂದು. ಅವರು ಓದಿದರು. ಟಿವಿ ಆರಿಸಿದರು. ‘ಗಟ್ಟಿಯಾಗಿ ಓದೋ, ಎಲ್ಲರಿಗೂ ಕೇಳ್ಲಿ’ ಅಂದರು. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅಕ್ಕ ಅಡುಗೆಮನೆಯಲ್ಲಿ ಇದ್ದಳು.

ಬೋರಣ್ಣ ಎಂಬ ಹೆಸರು ಬಂದೊಡನೆ ಅಜ್ಜಿಯ ಕೈ ನಿಂತಿತು.

‘ಹಗ್ಗ ಹಿಡಿದೋರಾ? ಅವರು ಇದಾರೇನೋ?’

‘ನಿಂಗೆ ಗೊತ್ತಾ ಅವ್ವಾ?’ ಅಂದರು ಅಪ್ಪ.

‘ಗೊತ್ತಿಲ್ದೆ ಏನು. ಹನುಮಯ್ಯನ ಹೆಂಡ್ತಿ ಅಂದ್ರೆ ನಮ್ಮತ್ತೆಯ ಅತ್ತೆ. ನಾನು ಮದುವೆಯಾಗಿ ಬಂದಾಗ ಇನ್ನೂ ಇದ್ಳು ಮುದುಕಿ. ಅಣ್ಣ ಬಿಟ್ಟ ಅಂತ ಅವಳು ಯಾವತ್ತಾದ್ರೂ ಅಂದ್ಲೇನೋ? ಎರಡನೇ ಸಲ ಮೇಲಕ್ಕೆ ಬಂದ ಗಂಡ ಇವಳಿಗೇ ಹೇಳಿದ್ನಂತೆ, ಹಗ್ಗ ಗಿಡ್ಡ ಆಗ್ತಿದೆ, ಬಿರಡೆ ಕೈಗೆ ಎಟುಕ್ತಿಲ್ಲ, ನಿನ್ನಣ್ಣ ಬಿಡೋನಲ್ಲ, ಒಳಗೋಗಿ ನಾನೇ ಬಿಚ್ಕೋತೀನಿ, ಅವನಿಗೆ ಹೇಳ್ಬೇಡ ಅಂತ. ಬಿಚ್ಕೊಂಡ. ಬಿರಡೆ ಕಿತ್ತ. ನೀರು ಹೋಯ್ತು, ಏರಿ ನಿಂತ್ಕೊಂತು, ಅವನು ಬರ್ಲಿಲ್ಲ. ಅಣ್ಣ ಬರೀ ಹಗ್ಗ ಹಿಡ್ಕೊಂಡು ಎರಡು ದಿನ ಅಲ್ಲೇ ಕೂತಿದ್ದ. ಮೂರನೇ ದಿನ ಹೇಳೋಣ ಅಂತ ಹೋದ್ರೆ ಇಲ್ಲ. ಎಲ್ಲಾ ಕಡೆ ಹುಡುಕಿಸಿದ್ಳು, ಸಿಕ್ಲಿಲ್ಲ.’

ಆಮೇಲೆ ಅಜ್ಜಿ ಇನ್ನೊಂದು ಹೇಳಿದರು. ವರ್ಷಕ್ಕೊಮ್ಮೆ ಕೆರೆಯ ಪೂಜೆ ಮಾಡಿ ಬಂದಾಗ ನಮ್ಮ ಮನೆಯಲ್ಲಿ ಒಂದು ಎಲೆ ಬೇರೆ ಹಾಕಿ ಪಾಲು ಎತ್ತಿಡುತ್ತಾರೆ. ಯಾರೂ ಅದನ್ನು ಮುಟ್ಟುವುದಿಲ್ಲ. ಆ ಮುದುಕಿ ಶುರು ಮಾಡಿದ್ದಂತೆ, ಅಣ್ಣ ಯಾವತ್ತಾದರೂ ಬಂದರೆ ಹಸಿದುಕೊಂಡು ಇರಬಾರದು ಎಂದು.

ಅಪ್ಪ ಬೆಪ್ಪಾದರು. ‘ಅದು ಗಂಗಮ್ಮನ ಪಾಲು ಅಲ್ವೇನವ್ವಾ?’

‘ಗಂಗಮ್ಮಂಗೆ ಕೆರೇಲೇ ಕೊಟ್ಟು ಬರ್ತೀವಲ್ಲೋ! ನೀನು ಯಾವತ್ತು ಕೇಳ್ದೆ?’

ಯಾರೂ ಕೇಳಿರಲಿಲ್ಲ ತಾತ. ಭೂಮಂಡಲವನ್ನೆಲ್ಲ ಸಂಶೋಧಿಸಿದ ಮಹಾಮಂಡಳಿ ತನ್ನ ನಡುಮನೆಯನ್ನು ಮಾತ್ರ ಬಿಟ್ಟಿತ್ತು. ಅಧ್ಯಕ್ಷ ರಾಜೀನಾಮೆ ಕೊಟ್ಟಿದ್ದಾನೆ. ಜವಾನ ಅಂಗೀಕರಿಸಿದ್ದಾನೆ.

ಅಪ್ಪ ಫೋನ್ ತೆಗೆದುಕೊಂಡು ಆರನೇ ತಾರೀಖು ಬರಬೇಕಾಗಿದ್ದ ಹುಡುಗನ ಕಡೆಯವರಿಗೆ ಮಾಡಿದರು. ‘ತಪ್ಪು ತಿಳೀಬೇಡಿ ಸಾರ್. ನಮ್ ಹುಡುಗಿಗೆ ಹಳೇ ಸಂಬಂಧದಲ್ಲೇ ಗೊತ್ತಾಗ್ಬಿಟ್ಟಿದೆ... ಇಲ್ಲ ಸಾರ್, ಈಗ ಅಲ್ಲ, ನಮ್ ಮುತ್ತಾತನ ಕಾಲದಲ್ಲೇ... ಹೌದು, ನಮಗೂ ಇವತ್ತೇ ಗೊತ್ತಾಗಿದ್ದು.’

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ‘ಲೋ ಕೋತಿ, ನನ್ನ ಕೇಳ್ದೆ ಯಾರ್ಯಾರಿಗೋ ಕಾಗದ ಬರೀತೀಯೇನೋ?’ ಅಂದು ಇನ್ನೊಂದು ಗುದ್ದಿದಳು. ಆಮೇಲೆ ಅಲ್ಲೇ ಕೂತು ಅತ್ತಳು. ಗುದ್ದು ಎರಡೂ ಸಖತ್ತಾಗಿದ್ದವು. ಹೂಂ ಅನ್ನುವುದು ನಿಂತಿದೆ.

ಕೆಳಗಿನ ಸಾಲು ಅಪ್ಪ ಹೇಳಿ ಬರೆಸಿದ್ದು. ಹೀಗೇ ಬರೆಯಬೇಕೆಂದು ಪಕ್ಕದಲ್ಲಿ ನಿಂತಿದ್ದಾರೆ.

‘ಏಪ್ರಿಲ್ ಆರನೇ ತಾರೀಖು ಭಾನುವಾರ ತಾವು ಮನೆಯವರೊಂದಿಗೆ ಹೆಣ್ಣು ಕೇಳಲು ಬರಬೇಕು. ನಮ್ಮ ಕಡೆಯಿಂದ ಯಾರೂ ಯಾರನ್ನೂ ನೀರಿಗೆ ಬಿಟ್ಟರೆಂದು ತಿಳಿದಿಲ್ಲ. ವೆಂಕಟಾಚಲ ತೂಬಿನ.’

ಲಿಖಿತ್


ಹೊಸಕಟ್ಟೆ
1 ಏಪ್ರಿಲ್ 2025

ಬೀಗರಾದ ವೆಂಕಟಾಚಲ ತೂಬಿನ ಅವರಿಗೆ ಹೊಳೆಪ್ಪ ತೂಬಿನನ ನಮಸ್ಕಾರಗಳು.

ತಾರೀಖು ನೋಡಿ ತಮಾಷೆ ಎಂದುಕೊಳ್ಳಬೇಡಿ. ಆ ಇಲಾಖೆ ನಿಮ್ಮ ಮಗನದು.

ಯುಗಾದಿಯ ಸಂಜೆ ಪಂಚಾಂಗ ಕೇಳಲು ಅರಳಿಕಟ್ಟೆಯಲ್ಲಿ ಊರೆಲ್ಲ ಸೇರಿತ್ತು. ಪಂಚಾಂಗ ಮುಗಿದ ಮೇಲೆ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಮ್ಮೂರಿನ ನೀಲಕಂಠಪ್ಪನಿಗೆ ತಡೆಯಲಾಗಲಿಲ್ಲ. ‘ಹಂಗಾದ್ರೆ ಮೇಷ್ಟ್ರೇ, ನೀವು ನೀರಿಗಿಳಿದೋರೇ ಅಲ್ಲ ಅನ್ನಿ!’ ಅಂದ.

‘ಅಲ್ಲ ಕಣಯ್ಯ’ ಅಂದೆ. ‘ಇಳಿದೋನು ನಮ್ಮ ಭಾವ. ನಾವು ಹಗ್ಗ ಹಿಡಿದೋರು. ಬಿಡೋನಲ್ಲ ಅಂತ ಅವನೇ ಹೇಳಿ ಹೋಗಿದಾನೆ.’

ನಾನು ಕೂರಲು ಹೋದೆ. ಯಾವತ್ತಿನಂತೆ ಒಬ್ಬ ಎದ್ದು ಜಾಗ ಬಿಡುತ್ತಾನೆ ಅಂದುಕೊಂಡಿದ್ದೆ. ಕಟ್ಟೆಯೇ ಎದ್ದು ನಿಂತಿತ್ತು.

ಭಾನುವಾರ ಬರುತ್ತಿದ್ದೇವೆ. ನಾನು, ಮಗ, ಸೊಸೆ, ಮೊಮ್ಮಗಳು. ದೀಪಕ ಬನಶಂಕರಿಯಿಂದ ಬಂದು ಸೇರಿಕೊಳ್ಳುತ್ತಾನೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರಲು ಹೇಳಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ಸಾರಕ್ಕಿಯಲ್ಲಿ ಇರುತ್ತೇವೆ. ಆದರೆ ನೇರವಾಗಿ ನಿಮ್ಮ ಮನೆಗೆ ಬರುವುದಿಲ್ಲ. ಕೆರೆಯ ಏರಿಯ ಮೇಲೆ ನಿಂತಿರುತ್ತೇವೆ.

ನಮ್ಮ ಮುತ್ತಾತ ಅಲ್ಲಿಂದ ಯಾರಿಗೂ ಹೇಳದೆ ಎದ್ದು ಹೋದವನು. ನಾವು ಹಾಗೆ ಹೇಳದೆ ಕೇಳದೆ ಬರಲಾಗದು. ಮುನಿವೆಂಕಟಮ್ಮನವರಿಗೆ ಅಷ್ಟು ದೂರ ನಡೆಯಲು ಆಗುವುದಾದರೆ ಅವರನ್ನೂ ಕರೆದುಕೊಂಡು ಏರಿಗೆ ಬನ್ನಿ. ಅವರು ನಿಂತಲ್ಲಿಂದ ‘ಬನ್ನಿ, ಮನೆಗೆ ಬನ್ನಿ’ ಎಂದು ಒಂದು ಸಲ ಗಟ್ಟಿಯಾಗಿ ಕರೆಯಲಿ. ಎಷ್ಟು ದೂರದಿಂದ ಕರೆದರೂ ನಮಗೆ ಕೇಳಿಸುತ್ತದೆ.

ಹೊಳೆಪ್ಪ ತೂಬಿನ
ಹಗ್ಗ ಹಿಡಿದವರ ಮನೆ, ಹೊಸಕಟ್ಟೆ